ತೂಕ 66 ಕೆಜಿ, ಮೆಲ್ಡ್ 14, ಆದರೆ ತೋಳು ಕಡ್ಡಿ: ಸಿರೋಸಿಸ್ ರೋಗಿಯ ಮಾಂಸಖಂಡ ಉಳಿಸುವುದು ಹೇಗೆ?

ಪಥ್ಯಾಹಾರ_ಜಿಲ್ಲೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಜಿಲ್ಲಾಸ್ಪತ್ರೆಯ ಆಹಾರ ವಿಭಾಗದಿಂದ ಕೇಳುತ್ತಿದ್ದೇನೆ. ರೋಗಿಯ ಗುರುತು ಬಿಟ್ಟು ಅಂಕಿಗಳನ್ನಷ್ಟೇ ಹಾಕುತ್ತೇನೆ.

ಗಂಡಸು, 54 ವರ್ಷ. ಮದ್ಯದಿಂದ ಬಂದ ಸಿರೋಸಿಸ್ (ಲಿವರ್ ಗಾಯಗಟ್ಟಿ ಗಡುಸಾಗುವ ಕಾಯಿಲೆ), ಕುಡಿತ ಬಿಟ್ಟು 8 ತಿಂಗಳು. ಎತ್ತರ 168 ಸೆಂ.ಮೀ., ತೂಕ 66 ಕೆಜಿ. ಹೊಟ್ಟೆಯಲ್ಲಿ ಮಧ್ಯಮ ಪ್ರಮಾಣದ ನೀರು, ಎರಡೂ ಕಾಲಲ್ಲಿ ಊತ. ಮೆಲ್ಡ್ (ಲಿವರ್ ಎಷ್ಟು ಕೆಟ್ಟಿದೆ ಎಂದು ರಕ್ತಪರೀಕ್ಷೆಯಿಂದ ಹಾಕುವ ಅಂಕ, ಹೆಚ್ಚಿದಷ್ಟೂ ಅಪಾಯ) 14, ಕ್ರಿಯಾಟಿನಿನ್ 0.6, ಆಲ್ಬುಮಿನ್ 2.6, ಸೋಡಿಯಂ 133. ಅನ್ನನಾಳದಲ್ಲಿ ಉಬ್ಬಿದ ರಕ್ತನಾಳಗಳು ಒಡೆಯದಿರಲೆಂದು ಬ್ಯಾಂಡ್ ಹಾಕಿಯಾಗಿದೆ, ಅದಕ್ಕೇ ಕಾರ್ವೆಡಿಲಾಲ್ ಮಾತ್ರೆಯೂ ನಡೀತಿದೆ. ನೀರಿಳಿಸುವ ಮಾತ್ರೆಗಳು ಸ್ಪೈರೊನೊಲ್ಯಾಕ್ಟೋನ್ 100, ಫ್ಯೂರೊಸಿಮೈಡ್ 40, ಜೊತೆಗೆ ಮಲ ಸಡಿಲಿಸುವ ಲ್ಯಾಕ್ಟುಲೋಸ್. ಎರಡು ತಿಂಗಳ ಹಿಂದೆ ಒಮ್ಮೆ ಮಂಕು ಕವಿದು (ಲಿವರ್ ಕೆಟ್ಟು ಪ್ರಜ್ಞೆ ಮಸುಕಾಗಿ) ದಾಖಲಾಗಿದ್ದರು. ಅವತ್ತಿಂದ ಮನೆಯವರು ಬೇಳೆ, ಮೊಟ್ಟೆ ಎರಡೂ ನಿಲ್ಲಿಸಿದ್ದಾರೆ.

ಬೇರೆ ಕಾರಣಕ್ಕೆ ತೆಗೆದ ಸಿಟಿ ಸ್ಕ್ಯಾನಿನಲ್ಲಿ ಸೊಂಟದ ಮೂರನೇ ಕಶೇರುಕದ ಮಟ್ಟದಲ್ಲಿ ಮಾಂಸಖಂಡದ ವಿಸ್ತೀರ್ಣ 120 ಚದರ ಸೆಂ.ಮೀ. ಎಂದು ಬರೆದಿದ್ದಾರೆ. ಕೈಹಿಡಿತ 21 ಕೆಜಿ. ಕೈ ಊರದೆ ಕುರ್ಚಿಯಿಂದ 5 ಸಲ ಎದ್ದು ಕೂರಲು 17 ಸೆಕೆಂಡ್.

ಈಗಿನ ಊಟ: ಬೆಳಿಗ್ಗೆ 9ಕ್ಕೆ ಎರಡು ಇಡ್ಲಿ, ಮಧ್ಯಾಹ್ನ ಅನ್ನ ತಿಳಿಸಾರು, ಸಂಜೆ ಚಹಾ, ರಾತ್ರಿ 7:30ಕ್ಕೆ ಗಂಜಿ ಮಜ್ಜಿಗೆ. ಎಷ್ಟು ಉದಾರವಾಗಿ ಲೆಕ್ಕ ಹಾಕಿದರೂ ಪ್ರೋಟೀನ್ 30 ಗ್ರಾಂ ದಾಟುವುದಿಲ್ಲ.

ಕೇಳಬೇಕಾದ್ದು: ಲೆಕ್ಕಕ್ಕೆ 66 ಕೆಜಿ ಹಿಡಿಯಲೋ, ಬೇರೆಯೋ? ಮಾಂಸಖಂಡ ಕರಗುವುದು ಆಯುಸ್ಸನ್ನೇ ಕಡಿಮೆ ಮಾಡುತ್ತದೋ, ಅಥವಾ ಲಿವರ್ ಕೆಡುತ್ತಿರುವುದಕ್ಕೆ ಅದು ಬರೀ ಗುರುತೋ? ವಾರ್ಡಿನಲ್ಲಿ “ಮೆಲ್ಡ್ 14 ತಾನೇ, ಪರವಾಗಿಲ್ಲ” ಅನ್ನುತ್ತಾರೆ. ನನಗೆ ಹಾಗನ್ನಿಸುತ್ತಿಲ್ಲ.

ಲಿವರ್_ಓಪಿಡಿ:

ಮೇಡಂ, ನಿಮಗನ್ನಿಸಿದ್ದೇ ಸರಿ.

ಮೊದಲು ತೂಕ. ಹೊಟ್ಟೆ ನೀರು ಅಲ್ಪವಿದ್ದರೆ ತೂಕದಲ್ಲಿ 5%, ಮಧ್ಯಮವಿದ್ದರೆ 10%, ತುಂಬಾ ಇದ್ದರೆ 15% ಕಳೆಯುತ್ತೇವೆ. ಎರಡೂ ಕಾಲು ಊದಿದ್ದರೆ ಇನ್ನೊಂದು 5%. ನಿಮ್ಮ ರೋಗಿಗೆ 15% ಕಳೆದರೆ 56 ಕೆಜಿ. 66ರ ಲೆಕ್ಕದಲ್ಲಿ ಬಿಎಂಐ 23.4, ನೋಡಿದವರು ತುಂಬಿಕೊಂಡಿದ್ದಾರೆ ಅಂದುಕೊಳ್ಳಬೇಕು. 56ರ ಲೆಕ್ಕದಲ್ಲಿ 19.8. ಈ ಹತ್ತು ಕೆಜಿ ಬರೀ ನೀರು. ಹೊಟ್ಟೆಯಿಂದ ನೀರು ತೆಗೆಸಿದ ಮಾರನೆಯ ದಿನ ತೂಕ ಹಾಕಿದರೆ ಈ ಅಂದಾಜನ್ನು ತಾಳೆ ನೋಡಬಹುದು.

ಸಿಟಿ ಅಂಕಿಯನ್ನು ಎತ್ತರದ ವರ್ಗದಿಂದ ಭಾಗಿಸಬೇಕು. 120 ÷ (1.68 × 1.68) = 42.5. ಸಿರೋಸಿಸ್‌ನಲ್ಲಿ ಸಾಮಾನ್ಯವಾಗಿ ಬಳಸುವ ಗಡಿ ಗಂಡಸರಿಗೆ 50, ಹೆಂಗಸರಿಗೆ 39. ಈ ಗಡಿಗಳು ಉತ್ತರ ಅಮೆರಿಕದ ರೋಗಿಗಳಿಂದ ಬಂದವು, ನಮ್ಮ ಮೈಕಟ್ಟಿಗೆ ಒಂದಿಷ್ಟು ಹೆಚ್ಚೇ ಇರಬಹುದು ಎಂಬ ವಾದವಿದೆ. 42.5ಕ್ಕೆ ಆ ವಾದ ಬೇಕಾಗಿಲ್ಲ, ಯಾಕೆಂದರೆ ಹಿಡಿತವೂ ಬಿದ್ದಿದೆ: ಏಷ್ಯಾದವರಿಗೆ ಇಟ್ಟ ಗಡಿ ಗಂಡಸರಿಗೆ 28 ಕೆಜಿ, ಹೆಂಗಸರಿಗೆ 18. ಐದು ಸಲ ಏಳಲು 12 ಸೆಕೆಂಡೋ ಅದಕ್ಕಿಂತ ಹೆಚ್ಚೋ ಹಿಡಿದರೆ ನಿಧಾನ ಎಂದೇ ಲೆಕ್ಕ, ಇವರದು 17. ಮಾಂಸ, ಬಲ, ಚಲನೆ ಮೂರೂ ಕುಸಿದಿವೆ. ಮಾಂಸಖಂಡ ಅಳೆಯುವುದಕ್ಕೆಂದೇ ಸಿಟಿ ಮಾಡಿಸಬೇಡಿ. ಬೇರೆ ಕಾರಣಕ್ಕೆ ಆಗಿದ್ದರೆ ಅದೇ ಚಿತ್ರದಲ್ಲಿ ಓದಿಸಿ. ಮೈಗೆ ವಿದ್ಯುತ್ ಹಾಯಿಸಿ ಕೊಬ್ಬು–ಮಾಂಸ ಹೇಳುವ ತೂಕದ ಯಂತ್ರ ಇವರ ವಿಷಯದಲ್ಲಿ ಕೆಲಸಕ್ಕೆ ಬಾರದು. ಅದು ಊತದ ನೀರನ್ನೂ ಮಾಂಸವೆಂದೇ ಓದುತ್ತದೆ.

ಇನ್ನು ಆಯುಸ್ಸಿನ ಮಾತು. ಕೆನಡಾದ ಎಡ್ಮಂಟನ್‌ನಲ್ಲಿ ಲಿವರ್ ಕಸಿಗೆಂದು ತಪಾಸಣೆಗೆ ಬಂದ 112 ಸಿರೋಸಿಸ್ ರೋಗಿಗಳ ಸಿಟಿ ಓದಿ 2012ರಲ್ಲಿ ಒಂದು ವರದಿ ಬಂತು. 40% ಜನರಲ್ಲಿ ಮಾಂಸಖಂಡ ಕರಗಿತ್ತು. ಅವರು ಬದುಕಿದ ಮಧ್ಯಮ ಅವಧಿ 19 ತಿಂಗಳು, ಉಳಿದವರದು 34 ತಿಂಗಳು. ಮುಖ್ಯ ಸಂಗತಿ ಏನೆಂದರೆ ಮಾಂಸ ಕರಗಿದವರಲ್ಲಿ ಹೆಚ್ಚಿಗೆ ಕಂಡದ್ದು ನಂಜಿನ ಸಾವು. ಲಿವರ್ ಇದ್ದಷ್ಟೇ ಇದ್ದರೂ ಒಂದು ನ್ಯುಮೋನಿಯಾವನ್ನೋ ಹೊಟ್ಟೆನೀರಿನ ಸೋಂಕನ್ನೋ ತಡೆದುಕೊಳ್ಳುವ ತಾಕತ್ತು ಮೈಗೆ ಇರುವುದಿಲ್ಲ. ಅದೇ ತಂಡ ಆಮೇಲೆ ಮೆಲ್ಡ್ ಜೊತೆಗೆ ಸಾರ್ಕೋಪೀನಿಯಾವನ್ನು (ಮಾಂಸಖಂಡ ಕರಗಿರುವುದನ್ನು) ಸೇರಿಸಿ ಲೆಕ್ಕ ಹಾಕಿದಾಗ ಅದರ ಭಾರ 10.35 ಅಂಕ ಬಂತು. ಅಂಗಾಂಗ ಹಂಚಿಕೆಗೆ ಈ ಲೆಕ್ಕ ಬಳಕೆಯಲ್ಲಿಲ್ಲ, ಆದರೆ “14 ತಾನೇ” ಅನ್ನುವವರಿಗೆ ಹೇಳಬಹುದು.

ಗುರುತೋ ಕಾರಣವೋ ಅಂದರೆ ಎರಡೂ. ಕೆಟ್ಟ ಲಿವರ್ ಅಮೋನಿಯಾವನ್ನು (ಪ್ರೋಟೀನ್ ಒಡೆದಾಗ ಬರುವ, ಮಂಕು ತರಿಸುವ ವಸ್ತು) ತೆಗೆಯಲಾರದು, ಆ ಕೆಲಸದ ಒಂದು ಪಾಲು ಮಾಂಸಖಂಡದ ಮೇಲೆ ಬೀಳುತ್ತದೆ. ಮಾಂಸಖಂಡ ಅದನ್ನು ಗ್ಲುಟಮಿನ್ ಆಗಿ ಕಟ್ಟಿಹಾಕುತ್ತದೆ. ಆದರೆ ಅದೇ ಅಮೋನಿಯಾ ಮಾಂಸಖಂಡದಲ್ಲಿ ಮಯೋಸ್ಟಾಟಿನ್ (ಮಾಂಸ ಬೆಳೆಯದಂತೆ ತಡೆಯುವ ವಸ್ತು) ಹೆಚ್ಚಿಸಿ ಹೊಸ ಪ್ರೋಟೀನ್ ಕಟ್ಟುವುದನ್ನು ತಡೆಯುತ್ತದೆ. ಮಾಂಸ ಕಡಿಮೆಯಾದಷ್ಟೂ ಅಮೋನಿಯಾ ಹೆಚ್ಚು, ಅಮೋನಿಯಾ ಹೆಚ್ಚಿದಷ್ಟೂ ಮಾಂಸ ಕಡಿಮೆ. ನಿಮ್ಮ ರೋಗಿಗೆ ಬೇಳೆ ನಿಲ್ಲಿಸಿದ್ದು ಈ ಗಾಣಕ್ಕೆ ಇನ್ನೊಂದು ಎತ್ತು ಕಟ್ಟಿದ ಹಾಗೆ.

ಕ್ರಿಯಾಟಿನಿನ್ ಬಗ್ಗೆ ಒಂದು ಎಚ್ಚರಿಕೆ. ಅದು ಮಾಂಸಖಂಡದಿಂದಲೇ ಬರುವ ವಸ್ತು, ಹಾಗಾಗಿ 0.6 ಅಂದರೆ ಕಿಡ್ನಿ ಚೆನ್ನಾಗಿದೆ ಎಂದೇ ಅರ್ಥವಲ್ಲ. ಮೆಲ್ಡ್ ಲೆಕ್ಕದಲ್ಲಿ 1ಕ್ಕಿಂತ ಕೆಳಗಿನದೆಲ್ಲ 1 ಎಂದೇ ಹೋಗುತ್ತದೆ. ನಾಳೆ ಇವರದು 0.6ರಿಂದ 1.0ಕ್ಕೆ ಏರಿದರೆ ಮೆಲ್ಡ್ ಒಂದಂಕಿಯೂ ಅಲುಗದು, ಲ್ಯಾಬ್ ಚೀಟಿಯಲ್ಲಿ ಕೆಂಪು ಗುರುತೂ ಬೀಳದು. ಆದರೆ 48 ಗಂಟೆಯೊಳಗೆ 0.3 ಏರಿದರೆ ಅದು ಕಿಡ್ನಿಗೆ ಬಿದ್ದ ಪೆಟ್ಟು. ಹಳೆಯ ಚೀಟಿ ಪಕ್ಕದಲ್ಲಿಟ್ಟುಕೊಂಡೇ ಓದಿ.

ಇನ್ನೊಂದು ಮಾತು: ಹೊಟ್ಟೆಗೆ ನೀರು ಬಂದು, ಒಮ್ಮೆ ಮಂಕು ಕವಿದ ಮೇಲೆ ಕಸಿ ಕೇಂದ್ರಕ್ಕೆ ಕಳಿಸಲು ಮೆಲ್ಡ್ 15 ದಾಟಲಿ ಎಂದು ಕಾಯಬಾರದು. ಬೆಂಗಳೂರಿಗೆ ಕಳಿಸಿ ಅಭಿಪ್ರಾಯ ಪಡೆಯಿರಿ. ಮೃತ ದಾನಿಯ ಅಂಗಕ್ಕೆ ರಾಜ್ಯದ ಅಂಗದಾನ ಸಂಸ್ಥೆ ‘ಜೀವಸಾರ್ಥಕತೆ’ಯಲ್ಲಿ ಹೆಸರು ಬರೆಸುವುದೂ ಕಸಿ ಮಾಡುವ ಆಸ್ಪತ್ರೆಯ ಮೂಲಕವೇ ಆಗಬೇಕು. ಮಾಂಸ ಪೂರ್ತಿ ಕರಗಿದ ಮೇಲೆ ಕಸಿ ಮಾಡಿದರೆ ಐಸಿಯು ವಾಸ ಉದ್ದವಾಗುತ್ತದೆ, ಸೋಂಕು ಹೆಚ್ಚುತ್ತದೆ.

ತಟ್ಟೆಲೆಕ್ಕ:

ತೂಕ 56 ಎಂದು ಮೇಲಿನವರು ಹೇಳಿಯಾಯಿತು. ಯುರೋಪಿನ ಲಿವರ್ ಸಂಘದ ಶಿಫಾರಸು ಕೆಜಿಗೆ ಕನಿಷ್ಠ 35 ಕಿಲೋಕ್ಯಾಲರಿ, 1.2ರಿಂದ 1.5 ಗ್ರಾಂ ಪ್ರೋಟೀನ್. ಅಂದರೆ ಸುಮಾರು 1,960 ಕಿಲೋಕ್ಯಾಲರಿ, 67ರಿಂದ 84 ಗ್ರಾಂ ಪ್ರೋಟೀನ್. ಈಗಿನ 30 ಗ್ರಾಂನಿಂದ ಒಂದೇ ದಿನ 80ಕ್ಕೆ ಹಾರಬೇಡಿ. ಮದ್ಯದ ಹಿನ್ನೆಲೆ, ಎರಡು ತಿಂಗಳ ಅರೆಹೊಟ್ಟೆ. ಏಕಾಏಕಿ ತುಂಬಿಸಿದರೆ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಬೀಳುತ್ತವೆ. ವೈದ್ಯರಿಗೆ ಹೇಳಿ ಥಯಮಿನ್ (ಬಿ1 ವಿಟಮಿನ್) ಮೊದಲು ಶುರು ಮಾಡಿಸಿ, ರಕ್ತದಲ್ಲಿ ಈ ಮೂರನ್ನು ನೋಡಿಸಿ, 5ರಿಂದ 7 ದಿನಗಳಲ್ಲಿ ಏರಿಸುತ್ತ ಬನ್ನಿ.

ಆದರೆ ನಿಮ್ಮ ಪಟ್ಟಿಯಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಗ್ರಾಂ ಅಲ್ಲ, ಗಡಿಯಾರ. ರಾತ್ರಿ 7:30ರಿಂದ ಬೆಳಿಗ್ಗೆ 9ರವರೆಗೆ ಹದಿಮೂರೂವರೆ ಗಂಟೆ ಉಪವಾಸ. ಆರೋಗ್ಯವಂತರ ಲಿವರ್ ರಾತ್ರಿಯಿಡೀ ತನ್ನ ಗ್ಲೈಕೋಜನ್ ಉಗ್ರಾಣದಿಂದ ಸಕ್ಕರೆ ಕೊಡುತ್ತದೆ. ಸಿರೋಸಿಸ್‌ನಲ್ಲಿ ಆ ಉಗ್ರಾಣವೇ ಕುಗ್ಗಿರುತ್ತದೆ. ನಡುರಾತ್ರಿಗೇ ಮೈ ತನ್ನ ಮಾಂಸ ಒಡೆದು ಸಕ್ಕರೆ ಮಾಡಿಕೊಳ್ಳಲು ಶುರುವಿಡುತ್ತದೆ. ಇವರ ಒಂದು ರಾತ್ರಿಯ ಉಪವಾಸ ಆರೋಗ್ಯವಂತರ ಎರಡು ಮೂರು ದಿನದ ಉಪವಾಸಕ್ಕೆ ಸಮ. ನ್ಯೂಜಿಲೆಂಡಿನಲ್ಲಿ 103 ರೋಗಿಗಳಿಗೆ ಒಂದು ವರ್ಷ 710 ಕಿಲೋಕ್ಯಾಲರಿಯ ಅದೇ ಪೂರಕ ಆಹಾರ ಕೊಟ್ಟರು, ಅರ್ಧ ಜನಕ್ಕೆ ಹಗಲು, ಅರ್ಧ ಜನಕ್ಕೆ ರಾತ್ರಿ 9ರ ನಂತರ. ರಾತ್ರಿ ತಿಂದವರಿಗೆ ಸುಮಾರು 2 ಕೆಜಿ ಮಾಂಸಕ್ಕೆ ಸಮನಾದ ಪ್ರೋಟೀನ್ ಮೈಗೆ ಹತ್ತಿತು, ಹಗಲಿನವರಿಗೆ ಇಲ್ಲ. ವ್ಯತ್ಯಾಸ ಇದ್ದದ್ದು ಹೊತ್ತಿನಲ್ಲಿ ಮಾತ್ರ.

ಹಾಗಾಗಿ ಇವತ್ತೇ ಬದಲಿಸಬೇಕಾದದ್ದು ಮಲಗುವ ಮುಂಚಿನ ತುತ್ತು. ರಾಗಿಹಿಟ್ಟು 40 ಗ್ರಾಂ (ತುಂಬಿದ ನಾಲ್ಕು ಚಮಚ), ಹಾಲು 250 ಮಿಲಿ, ಎರಡು ಚಮಚ ಬೆಲ್ಲ, ಜೊತೆಗೆ ಒಂದು ಬಾಳೆಹಣ್ಣು. ಪಿಷ್ಟ–ಸಕ್ಕರೆ 50 ಗ್ರಾಂ ದಾಟುತ್ತದೆ, ಪ್ರೋಟೀನ್ 11 ಗ್ರಾಂ. ಸಕ್ಕರೆ ಕಾಯಿಲೆ ಇದ್ದರೆ ಬೆಲ್ಲ, ಬಾಳೆಹಣ್ಣು ಬಿಟ್ಟು ಎರಡು ಚಪಾತಿ ಹಾಲು ಕೊಡಿ. ರಾಗಿಯನ್ನು ತಣ್ಣೀರಲ್ಲಿ ಕದಡಿ ಆಮೇಲೆ ಬಿಸಿ ಹಾಲಿಗೆ ಸುರಿಯಲು ಹೇಳಿ. ಗಂಟು ಕಟ್ಟಿದರೆ ರೋಗಿ ಎರಡು ಗುಟುಕು ಕುಡಿದು ಪಕ್ಕಕ್ಕಿಡುತ್ತಾರೆ, ಮನೆಯವರು “ಕುಡಿದರು” ಅನ್ನುತ್ತಾರೆ.

ಇಡೀ ದಿನ ಹೀಗೆ ಬರಬಹುದು. 6:30ಕ್ಕೆ ಹಾಲು 200 ಮಿಲಿ (6.5 ಗ್ರಾಂ). 8:30ಕ್ಕೆ ಮೂರು ಇಡ್ಲಿ, ಗಟ್ಟಿ ಸಾಂಬಾರು, ಒಂದು ಮೊಟ್ಟೆ ಮತ್ತು ಇನ್ನೊಂದರ ಬಿಳಿ (18). 11ಕ್ಕೆ ಹುರಿಗಡಲೆ 25 ಗ್ರಾಂ, ಕಡಲೆಕಾಯಿ ಬೀಜ 15 ಗ್ರಾಂ (9). ಮಧ್ಯಾಹ್ನ 80 ಗ್ರಾಂ ಅಕ್ಕಿಯ ಅನ್ನ, 30 ಗ್ರಾಂ ಬೇಳೆಯ ತೊವ್ವೆ, ಮೊಸರು 150 ಗ್ರಾಂ (17). 4:30ಕ್ಕೆ ಮೊಳಕೆ ಹೆಸರುಕಾಳಿನ ಉಸಲಿ, ಒಣಕಾಳು 30 ಗ್ರಾಂ (7). ರಾತ್ರಿ 8ಕ್ಕೆ 70 ಗ್ರಾಂ ಹಿಟ್ಟಿನ ಮುದ್ದೆ, 30 ಗ್ರಾಂ ಅಲಸಂದೆ ಅಥವಾ ಅವರೆಕಾಳಿನ ಸಾರು, ಮಜ್ಜಿಗೆ (13). 10ಕ್ಕೆ ಮೇಲೆ ಹೇಳಿದ ರಾಗಿ ಹಾಲು (11). ಒಟ್ಟು 80 ದಾಟುತ್ತದೆ, ಕ್ಯಾಲರಿ 2,100ರ ಮೇಲೆ. ಬೇಕೆಂದೇ ಹೆಚ್ಚಿಟ್ಟಿದ್ದೇನೆ, ಹೇಗೂ ತಟ್ಟೆಯಲ್ಲಿ ಸ್ವಲ್ಪ ಉಳಿಯುತ್ತದೆ. ಮಾಂಸಾಹಾರಿಗಳಾದರೆ ಒಂದು ಹೊತ್ತಿನ ಕಾಳಿನ ಬದಲು ಬೆಂದ ಮೀನು ಅಥವಾ ಕೋಳಿ 75 ಗ್ರಾಂ ಸಾಕು, ಜಾಗ ಕಡಿಮೆ ಹಿಡಿಯುತ್ತದೆ. ಹೊಟ್ಟೆಯ ನೀರು ಜಠರವನ್ನು ಒತ್ತುವುದರಿಂದ ಇವರಿಗೆ ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದ ಹಾಗಾಗುತ್ತದೆ, ಅದಕ್ಕೇ ಏಳು ಸಲ.

ಮನೆಯವರನ್ನು “ಬೇಳೆ ಹಾಕ್ತೀರಾ?” ಅಂತ ಕೇಳಬೇಡಿ, ಹಾಕ್ತೀವಿ ಅನ್ನುತ್ತಾರೆ. ಸಾರಿನ ಮೇಲಿನ ತಿಳಿಯಲ್ಲಿ, ಬೇಳೆಕಟ್ಟಿನಲ್ಲಿ ಪ್ರೋಟೀನ್ ಹೆಸರಿಗಷ್ಟೆ. “ಸೌಟನ್ನು ತಳಕ್ಕೆ ಇಳಿಸಿ ಗಟ್ಟಿ ಎತ್ತಿ ಬಡಿಸಿ” ಅನ್ನಿ. ಒಬ್ಬರ ಪಾಲಿಗೆ ದಿನಕ್ಕೆ ಎರಡು ಹಿಡಿ ಒಣ ಬೇಳೆ ಅಥವಾ ಕಾಳು ಎಂದರೆ ಅಡುಗೆ ಮನೆಯಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ.

ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಸಮ ಮಾಡಿದ ಒಂದು ಟೀ ಚಮಚ. ಬೆಳಿಗ್ಗೆಯೇ ಅಳೆದು ಸಣ್ಣ ಡಬ್ಬಿಯಲ್ಲಿಡಿ. ಇವರ ಪಾಲಿನ ಅಡುಗೆಯನ್ನು ಉಪ್ಪಿಲ್ಲದೆ ತೆಗೆದಿಟ್ಟು ಆ ಡಬ್ಬಿಯಿಂದಲೇ ಉದುರಿಸಿಕೊಳ್ಳಲಿ. ಇಡ್ಲಿ ಹಿಟ್ಟಿನ ಉಪ್ಪೂ ಈ ಲೆಕ್ಕದಲ್ಲೇ ಬರಬೇಕು, ಹಪ್ಪಳ, ಸಂಡಿಗೆ, ಉಪ್ಪಿನಕಾಯಿಗೆ ಜಾಗವಿಲ್ಲ. ಹಾಗೆಂದು ಪೂರ್ತಿ ಸಪ್ಪೆ ಮಾಡಿದರೆ ಊಟವೇ ಸೇರುವುದಿಲ್ಲ, ಆ ನಷ್ಟ ದೊಡ್ಡದು. ಕಾಳುಮೆಣಸು, ನಿಂಬೆ, ಕೊತ್ತಂಬರಿ, ಶುಂಠಿ ಧಾರಾಳವಾಗಿ ಹಾಕಲಿ. ಅಂಗಡಿಯ ‘ಕಡಿಮೆ ಸೋಡಿಯಂ ಉಪ್ಪು’ ಬೇಡವೇ ಬೇಡ: ಅದರಲ್ಲಿರುವುದು ಪೊಟ್ಯಾಸಿಯಂ, ಸ್ಪೈರೊನೊಲ್ಯಾಕ್ಟೋನ್ ಜೊತೆ ಸೇರಿದರೆ ಹೃದಯಕ್ಕೆ ಅಪಾಯ. ನೀರು ಕುಡಿಯುವುದನ್ನು ಸೋಡಿಯಂ 133ಕ್ಕೆ ಕಟ್ಟು ಮಾಡಬೇಕಿಲ್ಲ. 125ಕ್ಕಿಂತ ಕೆಳಗಿಳಿದರೆ ಆ ಮಾತು.

ಪಥ್ಯಾಹಾರ_ಜಿಲ್ಲೆ:

ತುಂಬಾ ಉಪಯೋಗವಾಯಿತು. ಇನ್ನು ಮೂರು ತೊಡಕು. ಒಂದು, “ಬೇಳೆ ಕೊಟ್ಟರೆ ತಲೆಗೆ ಏರುತ್ತೆ” ಎಂಬ ಭಯ; ದಾಖಲಾದಾಗ ಯಾರೋ ಹಾಗೇ ಹೇಳಿ ಕಳಿಸಿದ್ದಾರೆ. ಎರಡು, ರೋಗಿಯ ತಾಯಿ ಏಕಾದಶಿ ಬಿಡಿಸುವುದಿಲ್ಲ. ಮೂರು, “ಆಲ್ಬುಮಿನ್ ಬಾಟಲಿ ಹಾಕಿಸಿದರೆ ಪ್ರೋಟೀನ್ ಬಂತಲ್ಲ, ಊಟ ಯಾಕೆ” ಎಂದು ಮಗ ಕೇಳುತ್ತಾನೆ. ಪ್ರೋಟೀನ್ ಪುಡಿ ಬಗ್ಗೆಯೂ ಕೇಳಿದ.

ಲಿವರ್_ಓಪಿಡಿ:

ಮೊದಲನೆಯದಕ್ಕೆ. ಈ ಪ್ರಶ್ನೆಯನ್ನೇ 2004ರಲ್ಲಿ ಬಾರ್ಸಿಲೋನಾದಲ್ಲಿ ಪರೀಕ್ಷಿಸಿದ್ದಾರೆ. ಮಂಕು ಕವಿದು ದಾಖಲಾದವರಲ್ಲೇ ಒಂದು ಗುಂಪಿಗೆ ಮೊದಲ ದಿನದಿಂದ ಕೆಜಿಗೆ 1.2 ಗ್ರಾಂ ಪ್ರೋಟೀನ್, ಇನ್ನೊಂದು ಗುಂಪಿಗೆ ಮೊದಲು ನಿಲ್ಲಿಸಿ ನಿಧಾನ ಏರಿಕೆ. ಮಂಕು ಇಳಿದ ರೀತಿಯಲ್ಲಿ ವ್ಯತ್ಯಾಸ ಬರಲಿಲ್ಲ, ನಿಲ್ಲಿಸಿದವರಲ್ಲಿ ಮೈಯ ಪ್ರೋಟೀನ್ ಒಡೆಯುವುದು ಹೆಚ್ಚಿತು. ಅಲ್ಲಿಂದ ಈಚೆಗೆ ಪ್ರೋಟೀನ್ ಕಡಿತ ಮಾಡುವ ಸಲಹೆಗೆ ಆಧಾರವಿಲ್ಲ. ಮಂಕು ಬಂದಾಗ ಹುಡುಕಬೇಕಾದದ್ದು ಬೇರೆ: ಮಲಬದ್ಧತೆ, ಹೊಟ್ಟೆನೀರಿನ ಸೋಂಕು, ಕಪ್ಪು ಮಲ, ನೀರಿಳಿಸುವ ಮಾತ್ರೆ ಹೆಚ್ಚಾಗಿ ಪೊಟ್ಯಾಸಿಯಂ ಬಿದ್ದಿರುವುದು, ನಿದ್ರೆ ಮಾತ್ರೆ. ಮನೆಯವರಿಗೆ ಒಂದೇ ಲೆಕ್ಕ ಕೊಡಿ, ದಿನಕ್ಕೆ 2–3 ಸಲ ಮೆತ್ತಗೆ ಮಲ ಹೋಗುವಷ್ಟು ಲ್ಯಾಕ್ಟುಲೋಸ್. ಆರೇಳು ಸಲ ಹೋದರೆ ಅದೂ ತಪ್ಪು, ಮೈ ಒಣಗಿ ಮತ್ತೆ ಮಂಕು ಬರುತ್ತದೆ. ಭಯ ಹೋಗದಿದ್ದರೆ ಹಾಲು, ಮೊಸರು, ಕಾಳುಗಳಿಂದ ಶುರು ಮಾಡಿ, ಇವನ್ನು ಮಾಂಸಕ್ಕಿಂತ ಚೆನ್ನಾಗಿ ತಾಳುತ್ತಾರೆ.

ನಮ್ಮಲ್ಲಿ ಪಥ್ಯ ಅಂದರೆ ಕಳೆಯುವುದು ಎಂದೇ ಅರ್ಥ ಆಗಿಬಿಟ್ಟಿದೆ. ಕಾಮಾಲೆಗೆ ಔಷಧಿ ಕೊಡುವವರು ಉಪ್ಪು, ಎಣ್ಣೆ, ಬೇಳೆ ಬಿಡಿಸಿ ವಾರಗಟ್ಟಲೆ ಗಂಜಿ ಮಜ್ಜಿಗೆಯಲ್ಲಿಡುತ್ತಾರೆ. ತಾನಾಗಿ ವಾಸಿಯಾಗುವ ಹೆಪಟೈಟಿಸ್ ‘ಎ’ ಬಂದ ಹುಡುಗ ಅದನ್ನು ದಾಟಿಕೊಳ್ಳುತ್ತಾನೆ. ಸಿರೋಸಿಸ್‌ನವರಿಗೆ ಅದೇ ಪಥ್ಯ ಹಾಕಿದರೆ ಎರಡು ತಿಂಗಳಲ್ಲಿ ತೊಡೆ ಕರಗುತ್ತದೆ.

ಆಲ್ಬುಮಿನ್: 20% ದ್ರಾವಣದ 100 ಮಿಲಿ ಬಾಟಲಿಯಲ್ಲಿ 20 ಗ್ರಾಂ ಆಲ್ಬುಮಿನ್ ಇದೆ ನಿಜ. ಅದು ರಕ್ತನಾಳದೊಳಗೆ ದ್ರವ ಹಿಡಿದಿಡಲು ಕೊಡುವ ಔಷಧ. 5 ಲೀಟರಿಗಿಂತ ಹೆಚ್ಚು ಹೊಟ್ಟೆನೀರು ತೆಗೆದಾಗ ತೆಗೆದ ಲೀಟರಿಗೆ 8 ಗ್ರಾಂನಂತೆ ಕೊಡುವುದೂ ಅದಕ್ಕೇ. ಅದು ಒಡೆದು ಅಮೈನೋ ಆಮ್ಲವಾಗಲು ವಾರಗಳು ಬೇಕು, ಮಾಂಸಖಂಡಕ್ಕೆ ಊಟವಾಗದು. ತಿರುಗಿಸಿ ಹೇಳಿದರೂ ಅಷ್ಟೇ: ರಕ್ತದ ಆಲ್ಬುಮಿನ್ 2.6 ಇರುವುದು ಮುಖ್ಯವಾಗಿ ಲಿವರ್ ತಯಾರಿಸದೆ ಇರುವುದರಿಂದ. ಹತ್ತು ಮೊಟ್ಟೆ ತಿಂದರೂ ಆ ಅಂಕಿ ಏರದಿರಬಹುದು. ಊಟ ಹತ್ತುತ್ತಿದೆಯೇ ಎಂದು ಅದರಿಂದ ಅಳೆಯಬೇಡಿ.

ಪುಡಿ: ಊಟದಲ್ಲಿ ಲೆಕ್ಕ ಮುಟ್ಟದಿದ್ದರೆ ಬರೀ ವೇ ಪ್ರೋಟೀನ್ ಒಂದು ಚಮಚೆ ಹಾಲಿಗೆ ಹಾಕಬಹುದು. ಡಬ್ಬಿಯ ಹಿಂದೆ ಓದಿ: ಅಶ್ವಗಂಧ, ಹಸಿರು ಚಹಾ ಸಾರ, ‘ಗಿಡಮೂಲಿಕೆ ಮಿಶ್ರಣ’ ಇದ್ದರೆ ವಾಪಸ್. ಅಶ್ವಗಂಧದಿಂದಲೂ ಅಮೃತಬಳ್ಳಿಯಿಂದಲೂ ಲಿವರ್‌ಗೆ ಪೆಟ್ಟು ಬಿದ್ದ ರೋಗಿಗಳ ವರದಿಗಳು ನಮ್ಮ ದೇಶದಿಂದಲೇ ಬಂದಿವೆ. ಕವಲು ಸರಪಳಿ ಅಮೈನೋ ಆಮ್ಲದ ಪುಡಿ, ಅಂದರೆ ಬಿಸಿಎಎ, ಕೆಜಿಗೆ 0.25 ಗ್ರಾಂನಂತೆ ಬಾಯಲ್ಲಿ ಕೊಟ್ಟರೆ ಮಂಕಿಗೆ ಪ್ರಯೋಜನವಿದೆ. ಮಾಂಸಖಂಡಕ್ಕೆ ಎಷ್ಟು ಎಂಬುದರಲ್ಲಿ ಒಮ್ಮತ ಕಡಿಮೆ. ಅದರ ದುಡ್ಡಿನಲ್ಲಿ ಮನೆಗೆ ತಿಂಗಳಿಡೀ ಮೊಟ್ಟೆ, ಹಾಲು ಬರುವುದಾದರೆ ಮೊದಲು ಅದನ್ನು ತರಿಸಿ.

ಏಕಾದಶಿಗೆ ತಟ್ಟೆಲೆಕ್ಕ ಅವರೇ ಉತ್ತರಿಸಲಿ.

ತಟ್ಟೆಲೆಕ್ಕ:

ತಾಯಿಯ ಜೊತೆ ವಾದ ಬೇಡ. ನಿರಾಹಾರ, ನಿರ್ಜಲ ಮಾತ್ರ ಆಗದು ಅನ್ನಿ. ಅನ್ನ–ಬೇಳೆ ಬಿಟ್ಟ ಫಲಾಹಾರ ಎಷ್ಟೋ ಮನೆಗಳಲ್ಲಿ ಒಪ್ಪಿತ: ಹಾಲು, ಮೊಸರು, ಬಾಳೆಹಣ್ಣು, ಕಡಲೆಕಾಯಿ ಹಾಕಿದ ಸಾಬಕ್ಕಿ, ಪನೀರ್. ಪನೀರ್ 100 ಗ್ರಾಂನಲ್ಲೇ ಸುಮಾರು 18 ಗ್ರಾಂ ಪ್ರೋಟೀನ್. ಮೂರು ನಾಲ್ಕು ಗಂಟೆಗೊಮ್ಮೆ ಏನಾದರೂ ಬಾಯಿಗೆ ಬಿದ್ದರೆ ಆಯಿತು, ಮಲಗುವ ಮುಂಚಿನ ಹಾಲು ಅವತ್ತೂ ತಪ್ಪಬಾರದು. ಹೊಟ್ಟೆನೀರು, ಮಂಕು ಎರಡೂ ಇರುವವರಿಗೆ ರಂಜಾನ್ ಉಪವಾಸವೂ ಸಲ್ಲದು. ಕಾಯಿಲೆಯವರಿಗೆ ವಿನಾಯಿತಿ ಇದೆ, ಅದನ್ನು ಮಸೀದಿಯ ಹಿರಿಯರ ಬಾಯಲ್ಲಿ ಹೇಳಿಸಿದರೆ ಬೇಗ ಒಪ್ಪುತ್ತಾರೆ.

ದೇವರ ಉಪವಾಸಕ್ಕಿಂತ ನಮ್ಮ ಆಸ್ಪತ್ರೆಗಳ ಉಪವಾಸ ಹೆಚ್ಚು ಕೆಡಿಸುತ್ತದೆ. ಸ್ಕ್ಯಾನಿಗೆ ಒಂದು ದಿನ ಖಾಲಿ ಹೊಟ್ಟೆ, ಎಂಡೋಸ್ಕೋಪಿಗೆ ಮಾರನೆಯ ದಿನ, ಅದು ಮುಂದಕ್ಕೆ ಹೋದರೆ ಮತ್ತೊಂದು ದಿನ. ಬೆಳಗಿನ ಮೊದಲ ಸರದಿ ಕೇಳಿ, ಹಿಂದಿನ ರಾತ್ರಿ ರಾಗಿ ಹಾಲು ಕೊಟ್ಟೇ ಮಲಗಿಸಿ, ಪರೀಕ್ಷೆ ಮುಗಿದ ತಕ್ಷಣ ತಿನ್ನಲು ಡಬ್ಬಿ ಕೈಯಲ್ಲಿರಲಿ. ಹೊಟ್ಟೆನೀರು ತೆಗೆಯುವುದಕ್ಕೆ ಖಾಲಿ ಹೊಟ್ಟೆ ಬೇಕಿಲ್ಲ.

ನಡಿಗೆ_ಫಿಸಿಯೊ:

ಊಟ ಒಂದೇ ಸಾಲದು, ಮಾಂಸಖಂಡಕ್ಕೆ ಕೆಲಸ ಕೊಡದಿದ್ದರೆ ತಿಂದದ್ದು ಕೊಬ್ಬಾಗಿ ಕೂರುತ್ತದೆ. ಮೊದಲು ಯಾವಾಗ ಬೇಡ ಎಂಬುದು: ಜ್ವರ, ಹೊಟ್ಟೆನೋವು, ಮಂಕು, ಇತ್ತೀಚಿನ ರಕ್ತವಾಂತಿ, ಮೇಲಿನ ಬಿಪಿ 90ಕ್ಕಿಂತ ಕೆಳಗೆ. ನೀರು ತೆಗೆಸಿದ ದಿನ ವಿಶ್ರಾಂತಿ.

ರಕ್ತನಾಳ ಒಡೆಯುವ ಭಯ ಎಲ್ಲರದು. ವ್ಯಾಯಾಮದ ಹೊತ್ತಿನಲ್ಲಿ ಪೋರ್ಟಲ್ ಒತ್ತಡ (ಲಿವರ್‌ಗೆ ರಕ್ತ ಒಯ್ಯುವ ರಕ್ತನಾಳದ ಒತ್ತಡ) ತುಸು ಏರುವುದು ನಿಜ. ಬ್ಯಾಂಡ್ ಆಗಿದೆ, ಕಾರ್ವೆಡಿಲಾಲ್ ಇದೆ ಅಂದರೆ ಹಗುರ ವ್ಯಾಯಾಮಕ್ಕೆ ಅಡ್ಡಿಯಿಲ್ಲ. ಒತ್ತಡವನ್ನು ಜಾಸ್ತಿ ಏರಿಸುವುದು ಉಸಿರು ಕಟ್ಟಿ ತಿಣುಕುವುದು. ಅದಕ್ಕೆ ಸುಲಭದ ಉಪಾಯ: ಒಂದು, ಎರಡು, ಮೂರು ಎಂದು ಜೋರಾಗಿ ಎಣಿಸಿಸಿ. ಬಾಯಲ್ಲಿ ಎಣಿಸುವವರು ಉಸಿರು ಹಿಡಿಯಲಾರರು.

ವಾರದಲ್ಲಿ 3 ದಿನ, ದಿನ ಬಿಟ್ಟು ದಿನ. ಸುಮಾರು 45 ಸೆಂ.ಮೀ. ಎತ್ತರದ ಗಟ್ಟಿ ಕುರ್ಚಿಯನ್ನು ಗೋಡೆಗೆ ತಾಗಿಸಿಡಿ, ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರುತ್ತದೆ. ಕೈ ಎದೆಗೆ ಕಟ್ಟಿ 2 ಎಣಿಕೆಯಲ್ಲಿ ಏಳುವುದು, 3 ಎಣಿಕೆಯಲ್ಲಿ ಕೂರುವುದು. ಕೂರುವಾಗ ಧಪ್ಪೆಂದು ಬಿದ್ದರೆ ಅರ್ಧ ಲಾಭ ಹೋಯಿತು, ತೊಡೆಗೆ ನಿಜವಾದ ಕೆಲಸ ಇಳಿಯುವಾಗಲೇ. 5 ಸಲದ ಎರಡು ಸುತ್ತು, ನಡುವೆ ಒಂದು ನಿಮಿಷ. 10 ಸಲದ ಮೂರು ಸುತ್ತು ಆರಾಮಾದ ಮೇಲೆ ಎದೆಗೆ ಒಂದು ಲೀಟರ್ ನೀರಿನ ಬಾಟಲಿ ಅವುಚಿಕೊಳ್ಳಲಿ. ಆಮೇಲೆ ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು 10ರ ಎರಡು ಸುತ್ತು, ಗೋಡೆಗೆ ಕೈಕೊಟ್ಟು ತಳ್ಳುವುದು 8ರ ಎರಡು ಸುತ್ತು. ಕೊನೆಗೆ ಗೋಡೆ ಪಕ್ಕ ನಿಂತು ಪಾದ ಜೋಡಿಸಿ 10 ಸೆಕೆಂಡ್, ಒಂದು ಪಾದ ಅರ್ಧ ಮುಂದೆ 10 ಸೆಕೆಂಡ್, ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ 10 ಸೆಕೆಂಡ್. ಈ ನಿಲ್ಲುವುದು, ಕುರ್ಚಿ ಮತ್ತು ಕೈಹಿಡಿತ ಮೂರೂ ಸೇರಿದ್ದೇ ಲಿವರ್ ಫ್ರೈಲ್ಟಿ ಇಂಡೆಕ್ಸ್. ಅಂಕಿ 4.5 ಅಥವಾ ಮೇಲೆ ಬಂದರೆ ದುರ್ಬಲ, 3.2ಕ್ಕಿಂತ ಕೆಳಗೆ ಗಟ್ಟಿ. ಲೆಕ್ಕ ಹಾಕುವ ಪುಟ ಅಂತರ್ಜಾಲದಲ್ಲೇ ಇದೆ.

ನಡಿಗೆ ಊಟ ತಿಂಡಿಯಾಗಿ ಅರ್ಧ ಗಂಟೆಗೆ, 10 ನಿಮಿಷದಂತೆ ದಿನಕ್ಕೆ ಮೂರು ಸಲ. ಬೆಳಿಗ್ಗೆ ಖಾಲಿ ಹೊಟ್ಟೆಯ ವಾಕಿಂಗ್ ಬಿಡಿಸಿ: ರಾತ್ರಿಯ ಉಪವಾಸ ಇನ್ನಷ್ಟು ಉದ್ದವಾಗುತ್ತದೆ, ನೀರಿಳಿಸುವ ಮಾತ್ರೆ ಮತ್ತು ಕಾರ್ವೆಡಿಲಾಲ್ ಸೇರಿ ತಲೆ ಸುತ್ತಿ ಬೀಳುತ್ತಾರೆ. ಮೂಳೆಯೂ ಸವೆದಿರುತ್ತದೆ, ಸೊಂಟ ಮುರಿಯಲು ಒಂದು ಸಲ ಬಿದ್ದರೆ ಸಾಕು. ನಾಡಿ ನೋಡಿ ಶ್ರಮ ಅಳೆಯಬೇಡಿ, ಕಾರ್ವೆಡಿಲಾಲ್ ನಾಡಿಯನ್ನು ಹಿಡಿದಿಡುತ್ತದೆ. ಮಾತಾಡಲು ಬರಬೇಕು, ಹಾಡಲು ಬರಬಾರದು, ಅಷ್ಟು ವೇಗ ಸಾಕು. ಹೊಕ್ಕುಳ ಹರ್ನಿಯಾ ಇದ್ದರೆ ಮಲಗಿ ಏಳುವ ಹೊಟ್ಟೆಯ ಕಸರತ್ತು, ಎರಡೂ ಕಾಲು ಒಟ್ಟಿಗೆ ಎತ್ತುವುದು ಬೇಡ.

ರಾತ್ರಿ ಮೀನಖಂಡ ಹಿಡಿದುಕೊಂಡು ಎಷ್ಟೋ ಜನ ವ್ಯಾಯಾಮ ಬಿಡುತ್ತಾರೆ. ಹಿಡಿದ ಕೂಡಲೇ ಒಂದು ಗುಟುಕು ಪಿಕಲ್ ಜ್ಯೂಸ್ ಕುಡಿದರೆ ನೋವಿನ ತೀವ್ರತೆ ಇಳಿಯುತ್ತದೆಂದು ಅಮೆರಿಕದ ಒಂದು ಪರೀಕ್ಷೆ ಹೇಳಿತು, ಅದು ವಾಟ್ಸಾಪಿನಲ್ಲಿ ‘ಉಪ್ಪಿನಕಾಯಿ ತಿನ್ನಿ’ ಎಂದಾಗಿ ಓಡಾಡುತ್ತಿದೆ. ಅವರದು ಸೌತೆಕಾಯಿ ನೆನೆಸಿದ ಹುಳಿನೀರು, ನಮ್ಮ ಮಾವಿನ ಮಿಡಿ ಅಲ್ಲ.

ಪಥ್ಯಾಹಾರ_ಜಿಲ್ಲೆ:

ಕೊನೆಯ ಪ್ರಶ್ನೆ. ಮನೆಗೆ ಹೋದ ಮೇಲೆ ಏನನ್ನು ಅಳೆಯಿಸಲಿ? ಹಿಡಿತದ ಯಂತ್ರ ಅಲ್ಲಿಲ್ಲ, ತೂಕವನ್ನು ನಂಬುವ ಹಾಗಿಲ್ಲ.

ತಟ್ಟೆಲೆಕ್ಕ:

ಹೊಲಿಗೆ ಟೇಪು ಮತ್ತು ಫೋನಿನ ಗಡಿಯಾರ. ತೂಕ ದಿನಾ ಬೆಳಿಗ್ಗೆ ಬರೆದಿಡಲಿ, ಆದರೆ ನೀರಿನ ಲೆಕ್ಕಕ್ಕೆ ಮಾತ್ರ. ತಿಂಗಳಿಗೊಮ್ಮೆ ಐದು ಸಲ ಏಳುವ ಸಮಯ ಮತ್ತು ತೋಳಿನ ಸುತ್ತಳತೆ. ಕಾಲಿನ ಮೀನಖಂಡ ಊತದಿಂದ ಮೋಸ ಮಾಡುತ್ತದೆ, ತೋಳು ಅಷ್ಟಾಗಿ ಊದುವುದಿಲ್ಲ. 8–12 ವಾರಕ್ಕೊಮ್ಮೆ ನೀವೇ ಹಿಡಿತ ನೋಡಿ. ಎರಡು ಮೂರು ವಾರ ಬಾಯಲ್ಲಿ ಲೆಕ್ಕ ಮುಟ್ಟದಿದ್ದರೆ ಮೂಗಿನ ನಳಿಕೆಯ ಮಾತೆತ್ತಿ. ರಕ್ತ ಸೋರದ ಅನ್ನನಾಳದ ರಕ್ತನಾಳಗಳು ಅದಕ್ಕೆ ಅಡ್ಡಿಯಲ್ಲ. ಹೊಟ್ಟೆಗೆ ತೂತು ಮಾಡಿ ನಳಿಕೆ ಇಡುವುದು ಮಾತ್ರ ನೀರು ತುಂಬಿದವರಿಗೆ ಬೇಡ.

ತೋಳು ಅಳೆಯುವ ರೀತಿ: ಮೊಣಕೈ ಮಡಿಸಿ, ಭುಜದ ಮೂಳೆಯ ತುದಿಯಿಂದ ಮೊಣಕೈ ತುದಿಯವರೆಗೆ ಟೇಪು ಹಿಡಿದು ಸರಿ ನಡುವೆ ಪೆನ್ನಿನಿಂದ ಗುರುತು. ಆಮೇಲೆ ಕೈ ಇಳಿಬಿಟ್ಟು ಆ ಗುರುತಿನ ಮೇಲೆ ಸುತ್ತಳತೆ. ಟೇಪು ಚರ್ಮಕ್ಕೆ ತಾಗಬೇಕು, ಒತ್ತಬಾರದು. ಪ್ರತಿಸಲ ಒಂದೇ ಕೈ, ಅಳೆಯುವವರೂ ಒಬ್ಬರೇ. ಮಗ ಒಮ್ಮೆ, ಸೊಸೆ ಒಮ್ಮೆ ಅಳೆದರೆ ಒಂದು ಸೆಂಟಿಮೀಟರ್ ಅಲ್ಲೇ ಹೆಚ್ಚುಕಮ್ಮಿ ಆಗಿಬಿಡುತ್ತದೆ.